ಅಂಗಾಂಗ ಕಸಿ ಕಾಯ್ದೆ: ದಿಲ್ಲಿಯಿಂದ ದುರ್ಗಕ್ಕೆ ಎಷ್ಟು ದೂರ?

ಬೆಂಗಳೂರು-ಪುಣೆ ಹೆದ್ದಾರಿ ಹಿರಿಯೂರನ್ನು ದಾಟಿ, ಚಿತ್ರದುರ್ಗದ ಕಲ್ಲುಬೆಟ್ಟಗಳನ್ನು ಬಳಸಿಕೊಂಡು ದಾವಣಗೆರೆಯ ಕಡೆಗೆ ಸಾಗುತ್ತದೆ. ದುರ್ಗದಿಂದ ಇನ್ನೊಂದು ರಸ್ತೆ ಹೊಳಲ್ಕೆರೆಯ ಮೇಲೆ ಶಿವಮೊಗ್ಗಕ್ಕೆ ಹೋಗುತ್ತದೆ. ಹೊಸದುರ್ಗದ ತೆಂಗಿನಕಾಯಿ ಲಾರಿಗಳೂ ಕೊನೆಗೆ ಇಂಥದೇ ಒಂದು ಹೆದ್ದಾರಿಯನ್ನು ಸೇರಬೇಕು. ಈ ರಸ್ತೆಗಳಲ್ಲಿ ರಾತ್ರಿ ನಡೆಯುವ ಅಪಘಾತಗಳು ಹೇಗೆ ಮುಂದುವರಿಯುತ್ತವೆ ಎಂಬುದು ನಮ್ಮ ಕಡೆಯವರಿಗೆ ಬಾಯಿಪಾಠ. ಮೊದಲು ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಜಿಲ್ಲಾಸ್ಪತ್ರೆ, ಅಲ್ಲಿಂದ ದಾವಣಗೆರೆಯೋ ಬೆಂಗಳೂರೋ. ಎರಡು ದಿನ ಕಳೆದ ಮೇಲೆ ವೈದ್ಯರು ಬಂದು, ಹುಡುಗನ ಮಿದುಳು ಸತ್ತಿದೆ ಎನ್ನುತ್ತಾರೆ. ತಂದೆಗೆ ಅರ್ಥವಾಗುವುದಿಲ್ಲ. "ಎದೆ ಏರಿಳೀತಾ ಐತಲ್ಲ ಸಾರ್, ಮೈ ಬೆಚ್ಚಗೈತೆ" ಎಂದು ಕೇಳುತ್ತಾನೆ. ಎದೆಯನ್ನು ಏರಿಳಿಸುತ್ತಿರುವುದು ಹುಡುಗನ ಉಸಿರಲ್ಲ, ವೆಂಟಿಲೇಟರ್ ಯಂತ್ರ ಎಂದು ತಿಳಿಸಿ ಹೇಳುವ ವ್ಯವಧಾನ ಎಲ್ಲ ಕಡೆ ಇರುವುದಿಲ್ಲ.

ಮಿದುಳಿನ ಕಾಂಡ ಸತ್ತರೆ ಮನುಷ್ಯ ಸತ್ತಂತೆ ಎಂದು ನಮ್ಮ ದೇಶದ ಕಾನೂನು ಮೊದಲ ಬಾರಿಗೆ ಹೇಳಿದ್ದು 1994ರಲ್ಲಿ. ಮಾನವ ಅಂಗಾಂಗಗಳ ಕಸಿ ಕಾಯ್ದೆಗೆ ಆ ವರ್ಷ ಜುಲೈ 8ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅಂಕಿತ ಬಿದ್ದ ಆ ವಾಕ್ಯ ಗೆಜೆಟ್‌ನಿಂದ ಹೊರಟು ಹಿರಿಯೂರಿನ ಆ ತಂದೆಯ ಕಿವಿಯವರೆಗೆ ಬಂದ ದಾರಿಯನ್ನು, ಬಹಳ ಕಡೆ ಬರದೇ ಉಳಿದ ದಾರಿಯನ್ನೂ, ನಾವು ಇಲ್ಲಿ ನೋಡಲು ಬಯಸುತ್ತೇವೆ. ಭದ್ರಾ ಮೇಲ್ದಂಡೆಯ ನೀರಿಗಾಗಿ ವರ್ಷಗಟ್ಟಲೆ ಕಾದ ಜಿಲ್ಲೆ ನಮ್ಮದು. ಮಂಜೂರಾತಿಗೂ ಕಾಲುವೆಗೂ ನಡುವಿನ ಅಂತರ ಎಷ್ಟೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸತ್ತವರ ದೇಹದ ಬಗ್ಗೆ ಕಾನೂನುಗಳು ಮೊದಲೂ ಇದ್ದವು. 1957ರ ಅನಾಟಮಿ ಕಾಯ್ದೆ ವಾರಸುದಾರರಿಲ್ಲದ ಶವಗಳನ್ನು ವೈದ್ಯಕೀಯ ಕಾಲೇಜುಗಳಿಗೆ ಕೊಡಲು ಅವಕಾಶ ಮಾಡಿತ್ತು. ವಾರಸುದಾರರಿಲ್ಲದವರು ಎಂದರೆ ಸಾಮಾನ್ಯವಾಗಿ ಬಡವರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ದಿಲ್ಲಿಯಲ್ಲಿ 1982ರಲ್ಲಿ ಕಣ್ಣಿಗೊಂದು, ಕಿವಿಯ ತಮಟೆ ಮತ್ತು ಎಲುಬುಗಳಿಗೊಂದು ಪ್ರತ್ಯೇಕ ಕಾಯ್ದೆ ಬಂದವು. ಆದರೆ ಮೂತ್ರಪಿಂಡದ ವಿಷಯದಲ್ಲಿ ವೈದ್ಯ ವಿಜ್ಞಾನ ಓಡಿತು, ಕಾನೂನು ನಿಂತಲ್ಲೇ ನಿಂತಿತ್ತು. 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ದೇಶದ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆಯಿತು. ಆಗ ಕೊಡುವವರು ರಕ್ತಸಂಬಂಧಿಗಳಾಗಿರಬೇಕಿತ್ತು, ಇಲ್ಲವಾದರೆ ದೇಹ ಅದನ್ನು ಒಪ್ಪುತ್ತಿರಲಿಲ್ಲ. 1980ರ ದಶಕದಲ್ಲಿ ಸೈಕ್ಲೋಸ್ಪೋರಿನ್ ಎಂಬ ಔಷಧ ಬಂದಿತು. ಪರಕೀಯ ಅಂಗವನ್ನೂ ದೇಹ ಸಹಿಸಿಕೊಳ್ಳುವಂತೆ ಮಾಡಿದ ಆ ಔಷಧ ಎಷ್ಟೋ ಜೀವಗಳನ್ನು ಉಳಿಸಿತು. ಯಾರ ಕಿಡ್ನಿಯೂ ಯಾರಿಗೂ ಆಗುತ್ತದೆ ಎಂದಾದ ಮೇಲೆ ಅದಕ್ಕೆ ಬೆಲೆಯೂ ಬಂದಿತು. ಮದರಾಸಿನ ವಿಲ್ಲಿವಾಕ್ಕಮ್ ಬಡಾವಣೆಯನ್ನು ಜನ 'ಕಿಡ್ನಿವಾಕ್ಕಮ್' ಎಂದು ಕರೆಯತೊಡಗಿದರು. ಮುಂಬಯಿ, ಮದರಾಸು, ಬೆಂಗಳೂರು ಮೂರೂ ಈ ವ್ಯಾಪಾರದ ಊರುಗಳಾದವು.

ಇಲ್ಲಿ ಮುಸ್ಲಿಮರಾದ ನಾವು ನುಂಗಿಕೊಳ್ಳಬೇಕಾದ ಕಹಿ ಸತ್ಯವೊಂದಿದೆ. 1990ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಒಂದು ವರದಿ ಬಂತು. ಯುಎಇ ಮತ್ತು ಒಮಾನ್‌ನಿಂದ ಮುಂಬಯಿಗೆ ಬಂದು ಕಿಡ್ನಿ ಕೊಂಡುಕೊಂಡಿದ್ದ 130 ರೋಗಿಗಳ ಅಧ್ಯಯನ ಅದು. ಅವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು, ಕೆಲವರಿಗೆ ಎಚ್‌ಐವಿ ಸೋಂಕೂ ತಗಲಿತ್ತು. ಮನುಷ್ಯನ ದೇಹದ ಭಾಗವನ್ನು ಮಾರುವುದೂ ಕೊಳ್ಳುವುದೂ ಹರಾಮ್ ಎಂಬುದರಲ್ಲಿ ಉಲೇಮಾಗಳ ನಡುವೆ ಹೆಚ್ಚೇನೂ ಭಿನ್ನಾಭಿಪ್ರಾಯವಿರಲಿಲ್ಲ. ಆದರೂ ಕೊಂಡವರಲ್ಲಿ ನಮ್ಮವರಿದ್ದರು. ಮಾರಿದವರಲ್ಲಿ ಎಲ್ಲ ಜಾತಿ ಮತಗಳ ಬಡವರಿದ್ದರು.

1991ರಲ್ಲಿ ಎಲ್.ಎಂ. ಸಿಂಘ್ವಿ ಸಮಿತಿ ವರದಿ ಕೊಟ್ಟಿತು, 1992ರಲ್ಲಿ ಮಸೂದೆ ರಾಜ್ಯಸಭೆಗೆ ಬಂತು, 1994ರಲ್ಲಿ ಕಾಯ್ದೆಯಾಯಿತು. ಅಂಕಿತ ಬಿದ್ದು ಒಂದು ತಿಂಗಳೂ ಆಗಿರಲಿಲ್ಲ, ಆಗಸ್ಟ್ 3ರಂದು ದಿಲ್ಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಅವರು ದೇಶದ ಮೊದಲ ಯಶಸ್ವಿ ಹೃದಯ ಕಸಿ ಮಾಡಿದರು. ಪತ್ರಿಕೆಗಳು ಸಂಭ್ರಮಪಟ್ಟವು. ಆದರೆ ಕಾಯ್ದೆ ಇನ್ನೂ ಜಾರಿಗೆ ಬಂದಿರಲಿಲ್ಲ.

1995ರ ಜನವರಿಯಲ್ಲಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಕಿಡ್ನಿ ಹಗರಣ ಬಯಲಾಯಿತು. ಕೆಲಸ ಕೊಡಿಸುವುದಾಗಿ ನಂಬಿಸಿ ಕರೆತಂದ ಬಡವರ ಕಿಡ್ನಿಯನ್ನು ಅವರಿಗೇ ತಿಳಿಯದಂತೆ ತೆಗೆಯಲಾಗಿತ್ತು ಎಂಬ ಆರೋಪ ಬಂತು. ವೈದ್ಯರ ಬಂಧನವಾಯಿತು. ದೇಶಕ್ಕೆ ದೇಶವೇ ಬೆಚ್ಚಿತು. ಆ ದಿನ ಅಂಗಾಂಗ ಮಾರಾಟವನ್ನು ಅಪರಾಧವೆಂದು ಸಾರುವ ಕಾಯ್ದೆ ಮುದ್ರಣವಾಗಿ ಆರು ತಿಂಗಳಾಗಿತ್ತು. ಆದರೆ ದೇಶದ ಒಂದು ಅಂಗುಲ ನೆಲದಲ್ಲೂ ಅದು ಚಾಲ್ತಿಯಲ್ಲಿರಲಿಲ್ಲ. ಜಾರಿಗೆ ಬಂದದ್ದು ಫೆಬ್ರವರಿ 4ರಂದು, ಅದೂ ಗೋವಾ, ಹಿಮಾಚಲ ಪ್ರದೇಶ, ಮಹಾರಾಷ್ಟ್ರ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಮಾತ್ರ.

ಏಕೆ ಹೀಗೆ? ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆ ಸಂವಿಧಾನದ ಪ್ರಕಾರ ರಾಜ್ಯಪಟ್ಟಿಯ ವಿಷಯ. ಅದರ ಮೇಲೆ ಸಂಸತ್ತು ಕಾನೂನು ಮಾಡಬೇಕಾದರೆ ಕನಿಷ್ಠ ಎರಡು ರಾಜ್ಯಗಳ ಶಾಸನಸಭೆಗಳು 252ನೇ ವಿಧಿಯ ಪ್ರಕಾರ ನಿರ್ಣಯ ಮಾಡಿ ಕೇಳಿಕೊಳ್ಳಬೇಕು. ಉಳಿದ ರಾಜ್ಯಗಳು ತಮಗೆ ಬೇಕೆನಿಸಿದಾಗ ನಿರ್ಣಯ ಮಾಡಿ ಸ್ವೀಕರಿಸಬೇಕು. ಕರ್ನಾಟಕವೂ ಹೀಗೆಯೇ ಸ್ವೀಕರಿಸಿತು. ಇದು ಒಕ್ಕೂಟ ವ್ಯವಸ್ಥೆಯ ಮರ್ಯಾದೆ, ಅದನ್ನು ನಾವು ಹಳಿಯುವುದಿಲ್ಲ. ಆದರೆ ಒಂದೇ ದೇಶದ ಒಂದು ರಾಜ್ಯದಲ್ಲಿ ಅಪರಾಧವಾದದ್ದು ಪಕ್ಕದ ರಾಜ್ಯದಲ್ಲಿ ಇನ್ನೂ ಅಪರಾಧವಾಗದಿದ್ದರೆ ದಲ್ಲಾಳಿಗೆ ಬೇಕಾದದ್ದು ಅಷ್ಟೇ. ಇದು ಹಳೆಯ ಕಥೆಯೂ ಅಲ್ಲ. 2011ರ ತಿದ್ದುಪಡಿಯನ್ನು ತೆಲಂಗಾಣದ ವಿಧಾನಸಭೆ ಸ್ವೀಕರಿಸಿದ್ದು 2025ರ ಮಾರ್ಚ್‌ನಲ್ಲಿ.

'ಕಾಯ್ದೆ' ಮತ್ತು 'ಜಾರಿ' ಎರಡೂ ಕನ್ನಡಕ್ಕೆ ಅರಬ್ಬಿಯಿಂದ ಪಾರಸಿ-ಉರ್ದುವಿನ ದಾರಿಯಲ್ಲಿ ಬಂದ ಮಾತುಗಳು. ಜಾರಿ ಎಂದರೆ ಹರಿಯುತ್ತಿರುವುದು. ಸತ್ತ ಮೇಲೂ ಪುಣ್ಯ ಹರಿದುಬರುವ ದಾನವನ್ನು ನಾವು 'ಸದಖಾ ಜಾರಿಯಾ' ಎನ್ನುತ್ತೇವಲ್ಲ, ಅದೇ ಜಾರಿ. ನಮ್ಮ ಕಚೇರಿಗಳಲ್ಲಿ ಜಾರಿಯಾದ ಎಷ್ಟು ಕಾಯ್ದೆಗಳು ನಿಜಕ್ಕೂ ಹರಿಯುತ್ತವೆ ಎಂಬುದು ಬೇರೆ ಮಾತು.

ಜಾರಿಯಾದ ಮೇಲೂ ಈ ಕಾಯ್ದೆಯಲ್ಲಿ ಒಂದು ತೂತು ಉಳಿದಿತ್ತು. ಹತ್ತಿರದ ಸಂಬಂಧಿಯಲ್ಲದವನೂ 'ಪ್ರೀತಿ ಅಥವಾ ಬಾಂಧವ್ಯ'ದಿಂದ ಅಂಗ ಕೊಡಬಹುದು, ಅಧಿಕೃತ ಸಮಿತಿಯೊಂದು ಅದನ್ನು ಪರಿಶೀಲಿಸಿ ಒಪ್ಪಿದರೆ ಸಾಕು ಎಂದಿತ್ತು. ಸಾಲದಲ್ಲಿ ಮುಳುಗಿದ ಕೂಲಿಯವನಿಗೆ ಹಿಂದೆಂದೂ ಕಂಡಿರದ ಶ್ರೀಮಂತನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು! ಅಫಿಡವಿಟ್ ಸಿದ್ಧವಾಯಿತು, ಸಮಿತಿಯ ಮುಂದೆ ಹೇಳಬೇಕಾದ ಮಾತುಗಳನ್ನು ದಲ್ಲಾಳಿ ಉರುಹೊಡೆಸಿದ. ಮಂಡ್ಯ, ರಾಮನಗರ ಕಡೆಯ ಬಡವರು ಕಿಡ್ನಿ ಮಾರಿದ ಸುದ್ದಿಗಳು ಕಾಯ್ದೆ ಬಂದು ವರ್ಷಗಳಾದ ಮೇಲೂ ಪತ್ರಿಕೆಗಳಲ್ಲಿ ಬರುತ್ತಲೇ ಇದ್ದವು. ಮಾರಿದವರ ಗತಿ ಏನಾಯಿತು? 2002ರಲ್ಲಿ ಅಮೆರಿಕದ 'ಜಾಮಾ' ಪತ್ರಿಕೆಯಲ್ಲಿ ಚೆನ್ನೈಯ 305 ಮಂದಿ ಮಾರಾಟಗಾರರ ಸಮೀಕ್ಷೆ ಪ್ರಕಟವಾಯಿತು. ನೂರಕ್ಕೆ 96 ಮಂದಿ ಮಾರಿದ್ದು ಸಾಲ ತೀರಿಸಲು. ಮಾರಿದ ಮೇಲೆ ಕುಟುಂಬದ ಆದಾಯ ಸುಮಾರು ಮೂರನೇ ಒಂದು ಭಾಗ ಇಳಿದಿತ್ತು. ಮುಕ್ಕಾಲು ಪಾಲು ಮಂದಿ ಸಮೀಕ್ಷೆಯ ಹೊತ್ತಿಗೂ ಸಾಲದಲ್ಲೇ ಇದ್ದರು. ನೂರಕ್ಕೆ 86 ಮಂದಿ ಆರೋಗ್ಯ ಕೆಟ್ಟಿದೆ ಎಂದರು. ಮಾರಿದವರಲ್ಲಿ 71 ಶೇಕಡ ಹೆಂಗಸರು. ಗಂಡನಿಗೆ ದುಡಿಯಲು ಮೈ ಗಟ್ಟಿಯಿರಬೇಕು ಎಂಬುದು ಮನೆಯ ಲೆಕ್ಕ.

2008ರ ಗುರ್‌ಗಾಂವ್ ಕಿಡ್ನಿ ಜಾಲ ಬಯಲಾದ ನಂತರ ಸರಕಾರ ಎಚ್ಚೆತ್ತಿತು. 2011ರಲ್ಲಿ ತಿದ್ದುಪಡಿಯಾಯಿತು. ಅದೂ ಕೆಲವು ರಾಜ್ಯಗಳಲ್ಲಿ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಜಾರಿಗೆ ಬಂದದ್ದು 2014ರ ಜನವರಿ 10ರಂದು. ನಿಯಮಗಳು ಬಂದದ್ದು ಅದೇ ವರ್ಷದ ಮಾರ್ಚ್‌ನಲ್ಲಿ. ಮಾರಾಟಕ್ಕೆ ಐದರಿಂದ ಹತ್ತು ವರ್ಷ ಸೆರೆ, 20 ಲಕ್ಷದಿಂದ ಒಂದು ಕೋಟಿ ರೂಪಾಯಿ ದಂಡ ಎಂದಾಯಿತು. ಆದರೆ ನಮ್ಮ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಈ ತಿದ್ದುಪಡಿಯ ದೊಡ್ಡ ವಿಷಯ ದಂಡವಲ್ಲ, ಬೇರೆ ಎರಡು ಬದಲಾವಣೆಗಳು. ಅವುಗಳ ಬಗ್ಗೆ ಪತ್ರಿಕೆಗಳಲ್ಲಿ ಹೆಚ್ಚು ಚರ್ಚೆಯಾಗಲೇ ಇಲ್ಲ.

ಮೊದಲನೆಯದು ಕಸಿ ಮಾಡುವ ಆಸ್ಪತ್ರೆ ಮತ್ತು ಅಂಗ ತೆಗೆಯುವ ಆಸ್ಪತ್ರೆಯನ್ನು ಬೇರೆ ಮಾಡಿದ್ದು. ಕಸಿ ಮಾಡುವ ಆಸ್ಪತ್ರೆಗಳು ಬೆಂಗಳೂರಿನಲ್ಲಿ ಗುಂಪುಗೂಡಿವೆ. ಉಳಿದವು ಮೈಸೂರು, ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಬೆಳಗಾವಿಯಂಥ ಕೆಲವೇ ಊರುಗಳಲ್ಲಿ. ತುರ್ತು ನಿಗಾ ಘಟಕವಿರುವ ಆಸ್ಪತ್ರೆ ಕಸಿ ಮಾಡದಿದ್ದರೂ ಅಂಗ ತೆಗೆಯುವ ಕೇಂದ್ರವಾಗಿ ನೋಂದಾಯಿಸಿಕೊಳ್ಳಬಹುದು ಎಂದು ಹೊಸ ಕಾನೂನು ಹೇಳಿತು. ಮಿದುಳು ಸಾವನ್ನು ಘೋಷಿಸುವ ನಾಲ್ವರು ವೈದ್ಯರಲ್ಲಿ ನರರೋಗ ತಜ್ಞರು ಇರಲೇಬೇಕೆಂದು ಮೊದಲು ಇತ್ತು. ಜಿಲ್ಲೆಗಳಲ್ಲಿ ಅಂಥವರು ಸಿಗುವುದು ಕಷ್ಟ. ಅವರಿಲ್ಲದಿದ್ದರೆ ಕಸಿ ತಂಡಕ್ಕೆ ಸೇರದ ಫಿಸಿಶಿಯನ್, ಸರ್ಜನ್, ಅರಿವಳಿಕೆ ತಜ್ಞ ಅಥವಾ ನಿಗಾ ಘಟಕದ ತಜ್ಞರನ್ನು ನೇಮಿಸಬಹುದು ಎಂದಾಯಿತು. ಪರೀಕ್ಷೆಯನ್ನು ಕನಿಷ್ಠ ಆರು ಗಂಟೆಯ ಅಂತರದಲ್ಲಿ ಎರಡು ಸಲ ಮಾಡಬೇಕು. ವೆಂಟಿಲೇಟರನ್ನು ಸ್ವಲ್ಪ ಹೊತ್ತು ಬೇರ್ಪಡಿಸಿ, ದೇಹ ತಾನಾಗಿ ಒಂದು ಉಸಿರನ್ನಾದರೂ ಎಳೆಯುತ್ತದೆಯೇ ಎಂದು ನೋಡುವುದು ಅದರಲ್ಲಿ ಮುಖ್ಯ. ಕೋಮಾದಲ್ಲಿರುವವನಿಗೆ ಉಸಿರಿನ ಕೇಂದ್ರ ಕೆಲಸ ಮಾಡುತ್ತಿರಬಹುದು, ಅವನು ಎದ್ದುಬರಲೂಬಹುದು. ಮಿದುಳಿನ ಕಾಂಡವೇ ಸತ್ತವನು ಹಿಂದಿರುಗುವುದಿಲ್ಲ. ಈ ವ್ಯತ್ಯಾಸವನ್ನು ತಿಳಿಸದೆ 'ಬ್ರೈನ್ ಡೆಡ್' ಎಂಬ ಎರಡು ಪದ ಎಸೆದು ಹೋಗುವುದರಿಂದಲೇ ಅರ್ಧ ಅನುಮಾನ ಹುಟ್ಟುತ್ತದೆ.

ಎರಡನೆಯದು ಕಾಯ್ದೆಯ ಹೆಸರಿಗೆ ಸೇರಿದ 'ಅಂಗಾಂಶ' ಎಂಬ ಮಾತು. ಹೃದಯ, ಯಕೃತ್ತು, ಮೂತ್ರಪಿಂಡ ಕೊಡಲು ಯಂತ್ರದ ಮೇಲಿರುವ ದೇಹ ಬೇಕು. ಕಣ್ಣಿನ ಕಾರ್ನಿಯಾ, ಚರ್ಮ, ಎಲುಬು, ಹೃದಯದ ಕವಾಟಗಳಿಗೆ ಅದು ಬೇಕಿಲ್ಲ. ಹೊಸದುರ್ಗದ ಹಳ್ಳಿಯ ಮನೆಯಲ್ಲಿ ತೀರಿಕೊಂಡ ಮುದುಕಿಯ ಕಾರ್ನಿಯಾವನ್ನೂ ಆರು ಗಂಟೆಯೊಳಗೆ ತೆಗೆಯಬಹುದು. ಅದಕ್ಕೆ ವೈದ್ಯರೇ ಬರಬೇಕಿಲ್ಲ, ತರಬೇತಾದ ತಂತ್ರಜ್ಞರು ಸಾಕು ಎಂದೂ ಈ ತಿದ್ದುಪಡಿ ಹೇಳುತ್ತದೆ. ಕನ್ನಡ ನಾಡಿನಲ್ಲಿ ಕಣ್ಣಿನ ವಿಷಯಕ್ಕೆ ಮೊದಲಿನಿಂದಲೂ ಅಂಜಿಕೆ ಕಡಿಮೆ. ಡಾ. ಎಂ.ಸಿ. ಮೋದಿಯವರು ರಾಜ್ಯದ ಉದ್ದಗಲಕ್ಕೂ ಶಿಬಿರ ನಡೆಸಿ ಆ ಅಂಜಿಕೆ ಬಿಡಿಸಿದ್ದರು. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಪುನೀತ್ ನಂತರ ನೇತ್ರದಾನಕ್ಕೆ ಹೆಸರು ಬರೆಸಿದವರ ಸಾಲು ಬೆಳೆಯಿತು. ಅದೇ 2021ರ ಜೂನ್‌ನಲ್ಲಿ ರಸ್ತೆ ಅಪಘಾತದಲ್ಲಿ ನಟ ಸಂಚಾರಿ ವಿಜಯ್ ಅವರ ಮಿದುಳು ನಿಷ್ಕ್ರಿಯವಾದಾಗ ಕುಟುಂಬದವರು ಅಂಗಾಂಗ ದಾನಕ್ಕೆ ಒಪ್ಪಿದರು. ಅವರ ಅಂತ್ಯಕ್ರಿಯೆ ನಡೆದದ್ದು ಹೊಸದುರ್ಗಕ್ಕೆ ನೆರೆಯ ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ. ಗೆಜೆಟ್ ಮಾಡದ ಕೆಲಸವನ್ನು ಈ ಸಾವುಗಳು ಮಾಡಿದವು.

ಇನ್ನು ನಮ್ಮ ಮೊಹಲ್ಲಾಗಳ ಮಾತು. ಕಾಯ್ದೆಗೆ ಇದ್ದಂತೆಯೇ ಫತ್ವಾಗಳಿಗೂ ಒಂದು ಇತಿಹಾಸವಿದೆ, ಅವೂ ಒಂದೇ ದಿನ ಎಲ್ಲ ಕಡೆ ಜಾರಿಯಾದವಲ್ಲ. ಪಾಕಿಸ್ತಾನದ ಮುಫ್ತಿ ಮುಹಮ್ಮದ್ ಶಫೀ ಅವರು ಅಂಗ ಕಸಿಯನ್ನು ವಿರೋಧಿಸಿ ಉರ್ದುವಿನಲ್ಲಿ ಬರೆದಿದ್ದರು. ದೇಹ ಅಲ್ಲಾಹನ ಅಮಾನತ್ತು, ನಮ್ಮ ಸೊತ್ತಲ್ಲ, ಸತ್ತವನ ದೇಹಕ್ಕೂ ಬದುಕಿರುವವನಷ್ಟೇ ಗೌರವವಿದೆ ಎಂಬುದು ಈ ವಾದದ ತಿರುಳು. ಇದನ್ನು ಅಜ್ಞಾನವೆಂದು ತಳ್ಳಿಹಾಕುವವರ ಜೊತೆ ನಾವಿಲ್ಲ. ಬಡವನ ಹೊಟ್ಟೆ ಸೀಳಿದ ಬೆಂಗಳೂರಿನ ಕಥೆಯನ್ನು ಓದಿದವರಿಗೆ ಆ ಅಂಜಿಕೆಯ ಬೆಲೆ ಗೊತ್ತಾಗುತ್ತದೆ. ಇನ್ನೊಂದು ಕಡೆ, ಒಂದು ಜೀವ ಉಳಿಸಿದವನ ಬಗ್ಗೆ ಅಲ್ ಮಾಇದಾ ಅಧ್ಯಾಯದ 32ನೇ ವಚನ ಹೇಳುವುದನ್ನು ಮತ್ತು ಅನಿವಾರ್ಯ ಸಂದರ್ಭದಲ್ಲಿ ನಿಷಿದ್ಧವೂ ಸಡಿಲವಾಗುತ್ತದೆ ಎಂಬ ಫಿಕ್ಹ್ ನಿಯಮವನ್ನು ಮುಂದಿಟ್ಟುಕೊಂಡು 1982ರಲ್ಲಿ ಸೌದಿಯ ಹಿರಿಯ ಉಲೇಮಾಗಳ ಮಂಡಳಿ ದಾನಕ್ಕೆ ಅನುಮತಿ ಕೊಟ್ಟಿತು. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ ಮಿದುಳಿನ ಸಾವನ್ನು ಸಾವೆಂದು ಒಪ್ಪಿತು. 1988ರಲ್ಲಿ ಅದೇ ಅಕಾಡೆಮಿ ಜಿದ್ದಾದಲ್ಲಿ ದಾನಕ್ಕೆ ಶರತ್ತುಗಳೊಂದಿಗೆ ಒಪ್ಪಿಗೆ ನೀಡಿ ಮಾರಾಟವನ್ನು ನಿಷೇಧಿಸಿತು. ಅಂದರೆ ನಮ್ಮ ಸಂಸತ್ತಿಗಿಂತ ಆರು ವರ್ಷ ಮೊದಲೇ! ಆದರೆ ಮಕ್ಕಾದಲ್ಲಿ ರಾಬಿತಾದ ಫಿಕ್ಹ್ ಅಕಾಡೆಮಿ 1987ರಲ್ಲಿ ಬೇರೆ ಮಾತು ಹೇಳಿತ್ತು. ಯಂತ್ರವನ್ನು ತೆಗೆಯಬಹುದು, ಆದರೆ ಉಸಿರು ಮತ್ತು ಹೃದಯ ನಿಂತ ಮೇಲೆಯೇ ಶರೀಅತ್ತಿನ ಪ್ರಕಾರ ಸಾವು ಎಂದು.

ಭಾರತದಲ್ಲಿ ಖಾಝಿ ಮುಜಾಹಿದುಲ್ ಇಸ್ಲಾಂ ಖಾಸಿಮಿ ಅವರು ಕಟ್ಟಿದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1989ರಲ್ಲೇ ಈ ವಿಷಯವನ್ನು ಕೈಗೆತ್ತಿಕೊಂಡಿತು. ಬದುಕಿರುವವನು ತನ್ನ ಸಂಬಂಧಿಗೆ ಹಣ ಪಡೆಯದೆ ಒಂದು ಕಿಡ್ನಿ ಕೊಡಬಹುದು ಎಂದಿತು. ಸತ್ತ ನಂತರ ಅಂಗ ಕೊಡಬೇಕೆಂಬ ವಸಿಯ್ಯತ್ತನ್ನು ಮಾತ್ರ ಶರೀಅತ್ತಿನ ವಸಿಯ್ಯತ್ತೆಂದು ಒಪ್ಪಲಿಲ್ಲ. ನಮ್ಮ ಜಿಲ್ಲೆಯ ಮಸೀದಿಗಳಲ್ಲಿ ಈ ಪ್ರಶ್ನೆ ಬಂದಾಗ ಸಾಮಾನ್ಯವಾಗಿ ಕೇಳಿಬರುವುದು ಇದೇ ನಿಲುವಿಗೆ ಹತ್ತಿರವಾದ ಉತ್ತರ. ವಿದ್ವಾಂಸರ ಈ ಭಿನ್ನಮತವನ್ನು ಬಗೆಹರಿಸುವ ಅರ್ಹತೆ ನಮಗಿಲ್ಲ. ಆದರೆ ಅದರ ಫಲ ಯಾರ ಮೈಮೇಲೆ ಬೀಳುತ್ತದೆ ಎಂದು ನೋಡಬಹುದು. ಸತ್ತವರಿಂದ ಪಡೆಯಲಾಗದ್ದನ್ನು ಬದುಕಿರುವವರಿಂದ ಪಡೆಯಬೇಕಾಗುತ್ತದೆ. 2023ರಲ್ಲಿ ದೇಶದಲ್ಲಿ 18,378 ಕಸಿಗಳು ನಡೆದವು. ಮರಣಾನಂತರದ ದಾನಿಗಳು 1,099 ಮಾತ್ರ, ಅವರಲ್ಲಿ ಕರ್ನಾಟಕದವರು 178. ಉಳಿದಂತೆ ಕೊಟ್ಟ ಸುಮಾರು 15,400 ಮಂದಿ ಬದುಕಿರುವವರಲ್ಲಿ 9,784 ಮಂದಿ ಮಹಿಳೆಯರು. ತಾಯಿ, ಹೆಂಡತಿ, ಅಕ್ಕ. ವಾರಕ್ಕೆ ಎರಡು ಮೂರು ಸಲ ನಾಲ್ಕು ಗಂಟೆ ಡಯಾಲಿಸಿಸ್ ಹಾಸಿಗೆಯಲ್ಲಿ ಮಲಗುವ ಗಂಡನ ಪಕ್ಕ ಕುಳಿತ ಹೆಂಡತಿಯನ್ನು ಅತ್ತೆಯ ಮನೆಯವರು ನೋಡುವ ನೋಟದಲ್ಲಿ ಎಷ್ಟು ಒತ್ತಾಯವಿದೆ, ಎಷ್ಟು ಒಪ್ಪಿಗೆಯಿದೆ ಎಂದು ಯಾವ ಸಮಿತಿ ಅಳೆದೀತು? ಈ ಲೆಕ್ಕವನ್ನೂ ಉಲೇಮಾಗಳ ಮುಂದೆ ಇಡಬೇಕೆಂಬುದು ನಮ್ಮ ಅನಿಸಿಕೆ.

ಜಾರಿಗೆ ತರುವ ರೀತಿಯಲ್ಲಿ ಹೊರಗಿನವರಿಂದ ಕಲಿಯುವುದೂ ಇದೆ. ಲಿವರ್‌ಪೂಲ್‌ನ ಆಲ್ಡರ್ ಹೇ ಆಸ್ಪತ್ರೆಯಲ್ಲಿ ಸತ್ತ ಮಕ್ಕಳ ಅಂಗಗಳನ್ನು ಹೆತ್ತವರಿಗೆ ತಿಳಿಸದೆ ಇರಿಸಿಕೊಂಡ ಸಂಗತಿ ಬಯಲಾದ ಮೇಲೆ ಬ್ರಿಟನ್ 2004ರಲ್ಲಿ ಮಾನವ ಅಂಗಾಂಶ ಕಾಯ್ದೆ ಮಾಡಿತು. ಮುಖ್ಯ ಭಾಗ ಜಾರಿಗೆ ಬಂದದ್ದು 2006ರ ಸೆಪ್ಟೆಂಬರ್ 1ರಂದು. ನಡುವಿನ ಅವಧಿ ನಿದ್ದೆಯಲ್ಲಿ ಕಳೆಯಲಿಲ್ಲ, 2005ರಲ್ಲೇ ಒಂದು ಪ್ರಾಧಿಕಾರ ರಚನೆಯಾಯಿತು. ಸಿಂಗಾಪುರದ ಕಥೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ 1987ರ ಕಾಯ್ದೆ ನಾಗರಿಕರನ್ನು ದಾನಿಗಳೆಂದೇ ಎಣಿಸಿದಾಗ ಮುಸ್ಲಿಮರನ್ನು ಹೊರಗಿಟ್ಟಿತ್ತು. ವಿದ್ವಾಂಸರ ಜೊತೆ ಎರಡು ದಶಕ ಮಾತುಕತೆ ನಡೆದು, 2007ರಲ್ಲಿ ಫತ್ವಾ ಬಂದ ಮೇಲೆ, 2008ರಲ್ಲಿ ಮುಸ್ಲಿಮರೂ ಅದರೊಳಗೆ ಬಂದರು. ನಮ್ಮಲ್ಲಿ ಆ ಮಾತುಕತೆಗೆ ಒಬ್ಬ ಜಿಲ್ಲಾ ಆರೋಗ್ಯಾಧಿಕಾರಿ ಜಾಮಿಯಾ ಮಸೀದಿಯ ಮೆಟ್ಟಿಲು ಹತ್ತಿದರೂ ಸಾಕು, ಅಥವಾ ಅಂಜುಮನ್‌ನ ಹಿರಿಯರು ಜಿಲ್ಲಾಸ್ಪತ್ರೆಯ ಮೆಟ್ಟಿಲು ಹತ್ತಿದರೂ ಸಾಕು.

ಅಂಥ ಮಾತುಕತೆ ನಡೆದರೆ ಮೊದಲು ಏಳುವ ಪ್ರಶ್ನೆ ಫಿಕ್ಹ್‌ನದ್ದಾಗಿರುವುದಿಲ್ಲ ಎಂದು ನಮಗೆ ಖಾತ್ರಿ. ಅದು ಹೊತ್ತಿನ ಪ್ರಶ್ನೆ. ಮಯ್ಯಿತ್ತನ್ನು ತಡಮಾಡದೆ ದಫನ್ ಮಾಡಬೇಕೆಂಬುದು ನಮ್ಮ ರೂಢಿ. ಇದು ನಮ್ಮದೊಂದೇ ಆತಂಕವಲ್ಲ, ದುರ್ಗದ ಸೀಮೆಯಲ್ಲಿ ಲಿಂಗಾಯತರೂ ಹೂಳುವವರೇ. ದೇಹ ಇಡಿಯಾಗಿ ಮಣ್ಣು ಸೇರಲಿ, ಬೇಗ ಸೇರಲಿ ಎಂಬ ಆಸೆ ಎರಡೂ ಕಡೆಯ ಮನೆಗಳಲ್ಲಿದೆ. ಅಪಘಾತದ ಸಾವೆಂದರೆ ಪೊಲೀಸ್ ಪಂಚನಾಮೆ, ಮರಣೋತ್ತರ ಪರೀಕ್ಷೆ. ಸಂಜೆ ಆರರ ನಂತರ ತಂದರೆ "ನಾಳೆ ಬೆಳಿಗ್ಗೆ" ಎಂಬ ಉತ್ತರ. ಶವಾಗಾರದ ಮುಂದೆ ರಾತ್ರಿಯಿಡೀ ಕುಳಿತು ಬೆಳಗು ಮಾಡಿದ ಕುಟುಂಬಗಳು ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿವೆ. ಇದರ ಮೇಲೆ ಅಂಗದಾನ ಎಂದರೆ ಇನ್ನೆಷ್ಟು ಗಂಟೆ ಎಂಬ ಭಯ ಸಹಜ. 2014ರ ನಿಯಮಗಳ ಪ್ರಕಾರ ಇಂಥ ಪ್ರಕರಣದಲ್ಲಿ ಆಸ್ಪತ್ರೆಯವರೇ ಆ ಸರಹದ್ದಿನ ಪೊಲೀಸ್ ಅಧಿಕಾರಿಯನ್ನು ಸಂಪರ್ಕಿಸಿ ತಡವಾಗದಂತೆ ನೋಡಿಕೊಳ್ಳಬೇಕು, ಮನೆಯವರು ಠಾಣೆಗೆ ಅಲೆಯಬೇಕಾಗಿಲ್ಲ. 2021ರ ನವೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇನ್ನೊಂದು ಆದೇಶ ಹೊರಡಿಸಿತು. ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ ಸೂರ್ಯಾಸ್ತದ ನಂತರವೂ ಮರಣೋತ್ತರ ಪರೀಕ್ಷೆ ಮಾಡಬಹುದು, ಅಂಗದಾನದ ಪ್ರಕರಣಗಳಿಗೆ ಆದ್ಯತೆ ಕೊಡಬೇಕು, ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ಶವ ಮತ್ತು ಸಂಶಯಾಸ್ಪದ ಸಾವುಗಳಿಗೆ ಮಾತ್ರ ಇದು ಅನ್ವಯಿಸದು ಎಂದಿತು. ಬ್ರಿಟಿಷರ ಕಾಲದ ದೀಪವಿಲ್ಲದ ಕೋಣೆಗಳಿಗಾಗಿ ಇದ್ದ ರೂಢಿ ಹೀಗೆ ಕಾಗದದ ಮೇಲೆ ಮುಗಿಯಿತು.

ಆ ಆದೇಶದ ಪ್ರತಿಯನ್ನು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಆಸ್ಪತ್ರೆಗಳಲ್ಲಿ, ದುರ್ಗದ ಜಿಲ್ಲಾಸ್ಪತ್ರೆಯಲ್ಲಿ ಕೇಳಿ ನೋಡಲು ಮೊಹಲ್ಲಾ ಸಮಿತಿಗಳಿಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು.